ಕಾಪ್ಪಿರಿ ಮುತ್ತಪ್ಪನಿಗೊಂದು ಚುಟ್ಟಾ

ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ಮಂಗಾಟ್ಟುಮುಕ್ಕು ಎಂಬಲ್ಲಿ, ಜನ ಹರಕೆಗೆ ಚುಟ್ಟಾ ಹಚ್ಚಿಡುತ್ತಾರೆ. ಗುಡಿ ಎನ್ನುವಂಥದ್ದಿಲ್ಲ, ಮೂರ್ತಿಯೂ ಇಲ್ಲ. ರಸ್ತೆ ಬದಿಯಲ್ಲೊಂದು ಪುಟ್ಟ ಕಟ್ಟೆ, ಅಷ್ಟೆ. ಮೇಣದ ಬತ್ತಿ ಉರಿಯುತ್ತದೆ. ಚುಟ್ಟಾ ಸಿಗದಿದ್ದರೆ ಸಿಗರೇಟೂ ನಡೆಯುತ್ತದೆ. ಕೆಲವರು ಕಳ್ಳು ತರುತ್ತಾರೆ, ಕೆಲವರು ಪುಟ್ಟು, ಬೇಯಿಸಿದ ಮೊಟ್ಟೆ, ಮಾಂಸ. ಕೈಮುಗಿಯುವವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರೂ ಇದ್ದಾರೆ. ಇದನ್ನೆಲ್ಲ ಸ್ವೀಕರಿಸುವವನು ಕಾಪ್ಪಿರಿ ಮುತ್ತಪ್ಪ: ಆಫ್ರಿಕಾದಿಂದ ಹಿಡಿದು ತಂದ ಗುಲಾಮನ ಪ್ರೇತ.

ಪೋರ್ಚುಗೀಸರು ಕೊಚ್ಚಿಯಲ್ಲಿ ಕೋಟೆ ಕಟ್ಟಿದ್ದು 1503ರಲ್ಲಿ. 1663ರಲ್ಲಿ ಡಚ್ಚರು ಅದನ್ನು ಕಿತ್ತುಕೊಂಡರು. ಕತೆ ಹುಟ್ಟುವುದು ಈ ಕೊನೆಯ ದಿನಗಳಲ್ಲಿ. ಓಡಿಹೋಗುವ ಅವಸರದಲ್ಲಿದ್ದ ಪೋರ್ಚುಗೀಸ್ ಧಣಿಗಳು ಹೊತ್ತೊಯ್ಯಲಾಗದ ಚಿನ್ನವನ್ನು ಮರದ ಬುಡಗಳಲ್ಲಿ, ಗೋಡೆಗಳೊಳಗೆ ಹೂತರಂತೆ. ಕಾವಲಿಗೆ ಒಬ್ಬೊಬ್ಬ ಗುಲಾಮನನ್ನು ಕೊಂದು ಜೊತೆಗೇ ಹೂತರಂತೆ. ನಾಳೆ ತಿರುಗಿ ಬಂದಾಗ ಗಂಟು ಹಾಗೇ ಇರಬೇಕಲ್ಲ!

ಇದು ಬಾಯಿಂದ ಬಾಯಿಗೆ ಬಂದ ಮಾತು. ಗುಲಾಮರ ವ್ಯಾಪಾರ ಮಾತ್ರ ಕಟ್ಟುಕತೆಯಲ್ಲ. ಪೋರ್ಚುಗೀಸರ ನಂತರ ಬಂದ ಡಚ್ಚರು ಇಲ್ಲಿಂದಲೂ ಜನರನ್ನು ಹಡಗಿಗೆ ತುಂಬಿ ದಕ್ಷಿಣ ಆಫ್ರಿಕಾದ ಕೇಪ್‌ಗೆ ಸಾಗಿಸಿದರು. ಅಲ್ಲಿನ ಕಡತಗಳಲ್ಲಿ ಗುಲಾಮರ ಹೆಸರಿನ ಜೊತೆ 'ವಾನ್ ಮಲಬಾರ್' ಎಂದು ಊರಗುರುತು ಅಂಟಿಕೊಂಡಿದೆ. ಆಫ್ರಿಕಾದವನು ಇಲ್ಲಿಗೆ, ಇಲ್ಲಿಯವನು ಆಫ್ರಿಕಾಕ್ಕೆ. ಕೊಚ್ಚಿ ಸಂಸ್ಥಾನ ಗುಲಾಮಗಿರಿಯನ್ನು ನಿಷೇಧಿಸಿದ್ದು 1854ರಲ್ಲಿ, ತಿರುವಾಂಕೂರು ಅದರ ಮರುವರ್ಷ.

ನಿಧಿಗೆ ಪ್ರೇತವನ್ನು ಕಾವಲಿಡುವ ಕತೆ ಸಮುದ್ರದಾಚೆಯೂ ಇದೆ. ಕೆರಿಬಿಯನ್ ಕಡಲುಗಳ್ಳರ ಬಗ್ಗೆ ಹೀಗೇ ಹೇಳುತ್ತಾರೆ. ಗಯಾನಾದಲ್ಲಿ ಈ ಪಾಪ ಡಚ್ ತೋಟದ ಧಣಿಗಳ ತಲೆಗೆ ಬಂದಿದೆ. ಗುಲಾಮರ ಹಡಗು ಮುಟ್ಟಿದ ಕಡೆಯೆಲ್ಲ ಇದೊಂದು ಕತೆ ಬೇರೂರಿದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಧಣಿಯ ದುರಾಸೆಗೆ ಸಾವೂ ಅಡ್ಡಿಯಲ್ಲ ಎಂಬುದನ್ನು ಜನ ಕಣ್ಣಾರೆ ಕಂಡಿದ್ದರು. ಜೀವ ಹೋದಮೇಲೂ ಆಳು ತನ್ನ ಕೆಲಸಕ್ಕೇ ಹಾಜರಿರಬೇಕು ಎಂದು ಬಯಸುವವನ ಕತೆಯನ್ನು ಕಟ್ಟಲು ದೊಡ್ಡ ಕಲ್ಪನೆಯೇನೂ ಬೇಕಿರಲಿಲ್ಲ.

ಆದರೆ ಕೊಚ್ಚಿಯ ಜನ ಕತೆಯನ್ನು ಅಲ್ಲಿಗೇ ಬಿಡಲಿಲ್ಲ. ಅವರು ಕಂಡ ಕಾಪ್ಪಿರಿ ಕತ್ತಿ ಹಿಡಿದು ನಿಂತ ಕಾವಲುಗಾರನಲ್ಲ. ರಾತ್ರಿ ಹೊತ್ತು ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಆರಾಮಾಗಿ ಚುಟ್ಟಾ ಸೇದುತ್ತಿರುತ್ತಾನೆ. ದಾರಿ ತಪ್ಪಿದವರಿಗೆ ದಾರಿ ತೋರಿಸುತ್ತಾನೆ, ಕಳೆದುಹೋದದ್ದನ್ನು ಹುಡುಕಿಕೊಡುತ್ತಾನೆ. ಬದುಕಿದ್ದಾಗ ಅವನಿಗೆ ಸಿಗದೇ ಹೋದದ್ದು ಈ ಬಿಡುವು. ಅದನ್ನು ಕತೆ ಕಟ್ಟಿದವರು ಕೊಟ್ಟರು. ಯಾರ ಹೆಸರೂ ಮನೆತನವೂ ದಾಖಲಾಗದೆ ಅಳಿದುಹೋಯಿತೋ ಅವನನ್ನು ಮುತ್ತಪ್ಪ ಎಂದು ಕರೆದು ಮನೆಯ ಹಿರಿಯನ ಸಾಲಿಗೆ ಸೇರಿಸಿಕೊಂಡರು. ಕರಾವಳಿಯ ನಮಗೆ ಇದು ಹೊಸತಲ್ಲ. ಊರು ದೂರವಿಟ್ಟ ಕೊರಗರ ಹುಡುಗ ತನಿಯ ಮಾಯವಾಗಿ ಕೊರಗಜ್ಜನಾದ. ಕಳ್ಳು, ಚಕ್ಕುಲಿ, ವೀಳ್ಯ ಇಟ್ಟು, ಕಳೆದ ವಸ್ತು ಸಿಗಲಿ ಎಂದು ಬೇಡಿಕೊಳ್ಳುವವರು ಮಂಗಳೂರಿನ ಸುತ್ತ ಇಂದಿಗೂ ಎಷ್ಟೊಂದು ಮಂದಿ!

ತಿರುವನಂತಪುರದ ದಾರಿಯೇ ಬೇರೆ. ಅಲ್ಲಿ ನಿಧಿಯೂ ದೊಡ್ಡದು, ಪ್ರೇತವೂ ದೊಡ್ಡಮನೆಯದು. ಅನಂತಪದ್ಮನಾಭನ ದೇವಸ್ಥಾನದ ನೆಲಮಾಳಿಗೆಗಳನ್ನು 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ತೆರೆದಾಗ ಸಿಕ್ಕ ಚಿನ್ನದ ಸುದ್ದಿ ಕೇಳಿ ದೇಶವೇ ಬೆರಗಾಯಿತು. 'ಬಿ' ಕೋಣೆಯನ್ನು ಮಾತ್ರ ಆಗ ತೆರೆಯಲಿಲ್ಲ. ಅಲ್ಲಿ ಕಾಂಜಿರೋಟ್ಟು ಯಕ್ಷಿ ನೆಲೆಸಿದ್ದಾಳೆ ಎಂಬುದು ನಂಬಿಕೆ. ಬದುಕಿದ್ದಾಗ ಆಕೆ ರೂಪವತಿ, ಸಿರಿವಂತೆ, ಕ್ರೂರಿ. ತನ್ನ ಪಲ್ಲಕ್ಕಿ ಹೊರುವವನನ್ನೇ ಮೋಹಿಸಿ ಕೊನೆಗೆ ಅವನ ಕೈಯಲ್ಲೇ ಸತ್ತವಳು. ಕೇರಳದ ಯಕ್ಷಿಯರು ವಾಸಿಸುವುದು ಪಾಲೆ ಮರದಲ್ಲಿ, ದಾರಿಹೋಕರನ್ನು ತಡೆದು ಕೇಳುವುದು ಎಲೆಗೆ ಸುಣ್ಣ. (ಆಟಿ ಅಮಾವಾಸ್ಯೆಯಂದು ನಾವು ಕಷಾಯ ಮಾಡಿ ಕುಡಿಯುವುದು ಅದೇ ಮರದ ತೊಗಟೆಯನ್ನು. ಯಕ್ಷಿಯ ಮನೆ ಕೆತ್ತಿ ತಂದೆವಲ್ಲ ಎಂದು ಯಾರೂ ಹೆದರಿದ್ದು ನಾನು ಕೇಳಿಲ್ಲ.)

1750ರಲ್ಲಿ ತಿರುವಾಂಕೂರಿನ ಅರಸ ಮಾರ್ತಾಂಡವರ್ಮ ತನ್ನ ರಾಜ್ಯವನ್ನೇ ಪದ್ಮನಾಭನಿಗೆ ಒಪ್ಪಿಸಿ, ದಾಸನಾಗಿ ಆಳಿದ. ಅರಸ ತಾನಾಗಿ ಒಪ್ಪಿಕೊಂಡ ದಾಸ್ಯ ಶಿಲಾಶಾಸನದಂತೆ ಅಚ್ಚೊತ್ತಿ ಚರಿತ್ರೆಯಾಯಿತು. ಕಾಪ್ಪಿರಿಯ ಮೇಲೆ ಹೇರಿದ ದಾಸ್ಯಕ್ಕೆ ರಸ್ತೆ ಬದಿಯ ಕಟ್ಟೆ. ಯಕ್ಷಿಗೆ ಜನ ಹೆದರುತ್ತಾರೆ. ಕಾಪ್ಪಿರಿಯ ಹತ್ತಿರ ಕಷ್ಟ ಹೇಳಿಕೊಳ್ಳುತ್ತಾರೆ. ಒಡೆಯರ ಕಡೆಯ ಪ್ರೇತ ಬಾಗಿಲು ಕಾಯುತ್ತಲೇ ಇದೆ, ಆಳಿನ ಪ್ರೇತ ಕಾವಲು ಬಿಟ್ಟು ಹೊರಗೆ ಬಂದು ಕೂತಿದೆ. ಎರಡು ಊರುಗಳ ನಡುವೆ ನನಗೆ ಕಾಣುವ ವ್ಯತ್ಯಾಸ ಇದು.

ಫೋರ್ಟ್ ಕೊಚ್ಚಿಯ ಇನ್ನೊಬ್ಬ ಅಜ್ಜ ಪಾಪ್ಪಾಂಜಿ. ಕೋಟು ತೊಟ್ಟ ಈ ಗಡ್ಡದ ಮುದುಕನ ಬೊಂಬೆಯನ್ನು ಡಿಸೆಂಬರ್ 31ರ ನಡುರಾತ್ರಿ ಸುಡುತ್ತಾರೆ. ಕಳೆದ ವರ್ಷವನ್ನು ಸುಡುವುದು ಎಂದು ಅದರ ಅರ್ಥ. ಆದರೂ ಯುರೋಪಿನ ವೇಷದ ಅಜ್ಜನಿಗೆ ಬೆಂಕಿ, ಆಫ್ರಿಕಾದ ಅಜ್ಜನಿಗೆ ಊಟ ಎಂಬುದನ್ನು ಗಮನಿಸದಿರುವುದು ಕಷ್ಟ.

ಕೊಚ್ಚಿಗೆ ಹೋದವರನ್ನು ಗೈಡುಗಳು ತಪ್ಪದೆ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಕರೆದೊಯ್ದು ವಾಸ್ಕೋ ಡ ಗಾಮನ ಸಮಾಧಿ ತೋರಿಸುತ್ತಾರೆ. 1524ರಲ್ಲಿ ಹೂತ ಅವನ ಅವಶೇಷಗಳನ್ನು 1539ರಲ್ಲೇ ಪೋರ್ಚುಗಲ್ಲಿಗೆ ಒಯ್ದಿದ್ದಾರೆ; ಈಗ ಅಲ್ಲಿರುವುದು ಖಾಲಿ ಗುಂಡಿಯ ಮೇಲಿನ ಕಲ್ಲು. ಅದನ್ನು ನೋಡಿ ಬನ್ನಿ, ಬೇಡವೆನ್ನುವುದಿಲ್ಲ. ಆಮೇಲೆ ಆಟೋ ಹಿಡಿದು ಮಂಗಾಟ್ಟುಮುಕ್ಕಿಗೂ ಹೋಗಿ. ಬರಿಗೈಯಲ್ಲಿ ಬೇಡ, ಒಂದು ಮೇಣದ ಬತ್ತಿಯನ್ನಾದರೂ ಕೊಂಡು ಹೋಗಿ.