ರೋಗವನ್ನು ಮುಚ್ಚಿಡುವುದು ಸಬ್ರ್ ಆದೀತೇ?



ಕೊಲ್ಹಾರದ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳಿಗೆ ಸ್ಟಿಲ್ಸ್ ಎಂಬ ಅಪರೂಪದ ಉರಿಯೂತದ ಕಾಯಿಲೆ. ದಿನವೂ ಏರಿಳಿಯುವ ಜ್ವರ, ಕೀಲುಗಳಲ್ಲಿ ಬಾವು. ಬಹಳ ಅಲೆದಾಟದ ಬಳಿಕ ವಿಜಯಪುರದಲ್ಲಿ ವೈದ್ಯರು ಟೊಸಿಲಿಝುಮ್ಯಾಬ್ ಎಂಬ ಚುಚ್ಚುಮದ್ದು ಆರಂಭಿಸಿದ್ದಾರೆ. ಹಾಸಿಗೆ ಹಿಡಿದಿದ್ದವಳು ಎದ್ದು ರೊಟ್ಟಿ ಬಡಿಯುತ್ತಿದ್ದಾಳೆ. ಮುಂದಿನ ಸೂಜಿಗೆ ಎರಡು ದಿನವಿರುವಾಗ ಕೆಮ್ಮು ಶುರುವಾಗುತ್ತದೆ. ತಾಯಿ ಹೇಳುತ್ತಾಳೆ: "ಡಾಕ್ಟರ್ ಮುಂದ ಹೇಳಬ್ಯಾಡವ್ವಾ, ಸೂಜಿ ನಿಲ್ಲಿಸಿಬಿಡ್ತಾರ. ಸಬರ್ ಮಾಡು, ಅಲ್ಲಾಹ್ ನೋಡ್ಕೋತಾನ."

ಈ ಮಾತಿನಲ್ಲಿ ಮಮತೆಯಿದೆ, ಭಯವೂ ಇದೆ. ಆದರೆ ಇದು ಸಬ್ರ್ ಹೌದೇ?

ಉರಿಯೂತವು ಅಲ್ಲಾಹನು ನಮ್ಮ ದೇಹದಲ್ಲಿಟ್ಟಿರುವ ಕಾವಲುಗಾರ. ರೋಗಾಣು ನುಗ್ಗಿದಾಗ ಜ್ವರ, ಬಾವು, ನೋವಿನ ಮೂಲಕ ಅವನು ಕೂಗುತ್ತಾನೆ. ಸ್ಟಿಲ್ಸ್‌ನಂಥ ಕಾಯಿಲೆಯಲ್ಲಿ ಈ ಕಾವಲುಗಾರನೇ ಮತಿಗೆಟ್ಟು ಮನೆಯವರನ್ನು ಹೊಡೆಯತೊಡಗುತ್ತಾನೆ. ಚುಚ್ಚುಮದ್ದು ಅವನನ್ನು ಸುಮ್ಮನಾಗಿಸುತ್ತದೆ. ಆದರೆ ನಿಜವಾದ ಕಳ್ಳ ಬಂದ ರಾತ್ರಿಯೂ ಅವನು ಸುಮ್ಮನಿರಬಹುದು! ಒಳಗೆ ಸೋಂಕಿದ್ದರೂ ಜ್ವರ ಏರದಿರಬಹುದು, ರಕ್ತಪರೀಕ್ಷೆಯ ಸಿ.ಆರ್.ಪಿ. ಅಂಕಿಯೂ ಸರಿಯಾಗಿಯೇ ಕಾಣಬಹುದು. ಆಗ ಕೂಗಬೇಕಾದದ್ದು ರೋಗಿಯ ನಾಲಿಗೆ. ಅದನ್ನೂ ಕಟ್ಟಿಹಾಕಿದರೆ ವೈದ್ಯರಿಗೆ ತಿಳಿಯುವ ದಾರಿ ಯಾವುದು?

2001ರಲ್ಲಿ ಅಮೆರಿಕದ ವೈದ್ಯರು ಒಂದು ವರದಿ ಪ್ರಕಟಿಸಿದರು. ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಮದ್ದು ಪಡೆದ 70 ಮಂದಿಗೆ ಕ್ಷಯ ಕಾಣಿಸಿಕೊಂಡಿತ್ತು. ಅವರಲ್ಲಿ 48 ಮಂದಿಗೆ ಮೂರು ಅಥವಾ ಅದಕ್ಕೂ ಕಡಿಮೆ ಡೋಸುಗಳ ನಂತರವೇ. 64 ಮಂದಿ ಕ್ಷಯ ಅಪರೂಪವಾಗಿರುವ ದೇಶಗಳವರು. ಕ್ಷಯವು ಮನೆಮಾತಾಗಿರುವ ನಮ್ಮ ನಾಡಿನಲ್ಲಿ ಎಷ್ಟು ಎಚ್ಚರ ಬೇಕೆಂದು ನೀವೇ ಯೋಚಿಸಿರಿ. ಇಂಥ ಮದ್ದಿಗೆ ಮುನ್ನ ಎದೆಯ ಎಕ್ಸ್‌ರೇ, ಚರ್ಮದ ಅಥವಾ ರಕ್ತದ ಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ. ಆದರೆ "ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತೇ?" ಎಂದು ವೈದ್ಯರು ಕೇಳಿದಾಗ, ಮಗಳ ಸಂಬಂಧ ತಪ್ಪೀತೆಂದು, ಬೀದಿಯವರು ಆಡಿಕೊಂಡಾರೆಂದು ಇಲ್ಲವೆನ್ನುವವರು ನಮ್ಮಲ್ಲಿ ಕಡಿಮೆಯೇ?

ದೇಹ ನಮ್ಮ ಸ್ವಂತ ಆಸ್ತಿಯಲ್ಲ, ಅಮಾನತು. ಒಂಟೆಯನ್ನು ಕಟ್ಟದೆ ತವಕ್ಕುಲ್ ಮಾಡಹೊರಟವನಿಗೆ ಪ್ರವಾದಿವರ್ಯರು(ಸ) ಏನು ಹೇಳಿದರೆಂಬುದನ್ನು ನಿಮ್ಮ ಮಕ್ಕಳೂ ಬಲ್ಲರು. ಸಬ್ರಿಗೆ ಮಾದರಿಯಾದ ಅಯ್ಯೂಬರು(ಅ) ತಮ್ಮ ಸಂಕಟವನ್ನು ಪ್ರಭುವಿನ ಮುಂದೆ ಬಾಯಿಬಿಟ್ಟು ಹೇಳಿಕೊಂಡರು. ನೋವನ್ನು ಹೇಳುವುದು ಸಬ್ರಿಗೆ ವಿರುದ್ಧವಲ್ಲವೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಹಜ್ಜಿನ ವಿಷಯದಲ್ಲಿ ಈ ಪರೀಕ್ಷೆ ಇನ್ನೂ ಕಠಿಣ. ಯಾತ್ರೆಗೆ ಮುನ್ನ ಲಸಿಕೆ ಶಿಬಿರದಲ್ಲಿ ಮೆನಿಂಜೈಟಿಸ್ ಚುಚ್ಚುಮದ್ದಿನ ಜೊತೆ ಪೋಲಿಯೋ ಹನಿಯನ್ನೂ ಹಾಕುವ ರೂಢಿಯಿದೆ. ಆ ಹನಿ ಜೀವಂತ ಲಸಿಕೆ. ಇಂಥ ಮದ್ದಿನಲ್ಲಿರುವವರು ಜೀವಂತ ಲಸಿಕೆ ತೆಗೆದುಕೊಳ್ಳಬಾರದು. ಚುಚ್ಚಿ ಕೊಡುವ ಪೋಲಿಯೋ ಲಸಿಕೆ ಬೇರೆ ಇದೆ. ಯಾವುದು ತಕ್ಕದ್ದೆಂದು ಹೇಳಬೇಕಾದವರು ವೈದ್ಯರು. ಆದರೆ ವರ್ಷಗಟ್ಟಲೆ ಹಣ ಕೂಡಿಟ್ಟ ಹಿರಿಯರು, ಯಾತ್ರೆ ತಪ್ಪೀತೆಂಬ ಭಯದಿಂದ, "ಏನೂ ಕಾಯಿಲೆಯಿಲ್ಲ" ಎಂದು ಬಾಯಿ ತೆರೆದುಬಿಡುತ್ತಾರೆ. ಹಜ್ ಕಡ್ಡಾಯವಾಗಿರುವುದು ಸಾಮರ್ಥ್ಯವುಳ್ಳವರಿಗೆ ಮಾತ್ರ. ಅಲ್ಲಾಹನ ಮನೆಗೆ ಹೊರಟವರು ಮೊದಲ ಹೆಜ್ಜೆಯಲ್ಲೇ ಸುಳ್ಳು ಹೇಳುವುದೇ?

ಇನ್ನು ರಮಝಾನ್. ಚರ್ಮದಡಿಯ ಚುಚ್ಚುಮದ್ದು ಆಹಾರವಲ್ಲ, ಅದರಿಂದ ಉಪವಾಸ ಮುರಿಯದೆಂದೇ ಇಂದಿನ ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಮನಸ್ಸು ಒಪ್ಪದವರು ಇಫ್ತಾರಿನ ನಂತರ ಚುಚ್ಚಿಸಿಕೊಳ್ಳಲಿ, ಡೋಸು ಮಾತ್ರ ತಪ್ಪಿಸದಿರಲಿ.

ಮುಚ್ಚಿಡುವ ಇನ್ನೊಂದು ಸಂಗತಿಯಿದೆ. ಮನೆಗೆ ತರುವ ಸಿರಿಂಜನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಿಡಬಾರದು. ಕೃಷ್ಣೆಯ ದಡದಲ್ಲಿ ಗಡಿಗೆ ಮೊಸರು ಮಾರುವ ಕೊಲ್ಹಾರದವರಿಗೆ ಬಿಸಿಲು ಏನು ಮಾಡಬಲ್ಲುದೆಂದು ನಾನು ಹೇಳಬೇಕಿಲ್ಲ. ಮೊಸರು ಕೆಟ್ಟರೆ ಮೂಗಿಗೆ ತಿಳಿಯುತ್ತದೆ. ಈ ಮದ್ದು ಕೆಟ್ಟರೂ ತಿಳಿಯಾಗಿಯೇ ಕಾಣಬಹುದು. ಬಸ್ಸಿನಲ್ಲಿ ಸಿರಿಂಜ್ ಬಿಸಿಯಾಯಿತು, ಫ್ರಿಜ್ಜಿನ ಐಸ್ ಪೆಟ್ಟಿಗೆಗೆ ತಾಗಿ ಗಟ್ಟಿಯಾಯಿತು ಎಂದಾದರೆ, ದುಬಾರಿ ಮದ್ದು ಹಾಳಾಯಿತೆಂದು ಮನೆಯವರು ಬೈದಾರೆಂಬ ಭಯದಿಂದ ಸುಮ್ಮನೆ ಚುಚ್ಚಿಕೊಳ್ಳಬೇಡಿ. ಬೈಯುವ ಮನೆಯವರೂ ಸ್ವಲ್ಪ ಯೋಚಿಸಲಿ.

ಆ ತಾಯಿ ಸೂಜಿಯ ದಿನದವರೆಗೂ ಕಾಯುವುದು ಬೇಡ. ಇಂದೇ ಡಾಕ್ಟರರಿಗೆ ಫೋನ್ ಮಾಡಿ ಮಗಳ ಕೆಮ್ಮಿನ ವಿಷಯ ತಿಳಿಸಲಿ. ಅವರು ಒಂದು ಡೋಸನ್ನು ಮುಂದೂಡಬಹುದು, ಎಕ್ಸ್‌ರೇ ತೆಗೆಸಬಹುದು, ಅಥವಾ ಚಿಂತೆಯಿಲ್ಲವೆಂದು ಸೂಜಿ ಕೊಡಲೂಬಹುದು.