ನನ್ನ ಕಾರು, ನೆರೆಯವನ ಗಾಳಿ

ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ನನ್ನ ಕಾರಿನ ಕ್ಯಾಟಲಿಟಿಕ್ ಕನ್ವರ್ಟರನ್ನು ನನ್ನ ಮನೆ ಮುಂದೆ, ನಾನೇ ಸ್ಪ್ಯಾನರ್ ಹಿಡಿದು ಬಿಚ್ಚಿ ಹಾಕಿದರೆ ಅದು ಪಾಪಾನಾ? ಯೂತ್ ಗ್ರೂಪಿನಲ್ಲಿ ಇದನ್ನು ಕೇಳಿದವರು ಒಬ್ಬರಲ್ಲ.

ಅದು ಎಂಜಿನ್‌ಗೂ ಸೈಲೆನ್ಸರ್‌ಗೂ ನಡುವೆ ಇರೋ ಒಂದು ಉಕ್ಕಿನ ಡಬ್ಬಿ. ಒಳಗೆ ಜೇನುಗೂಡಿನ ಹಾಗೆ ತೂತುಗಳಿರೋ ಸೆರಾಮಿಕ್, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಕಾರ್ಬನ್ ಮಾನಾಕ್ಸೈಡ್, ಸುಡದೆ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್, ಇವುಗಳಲ್ಲಿ ಬಹುಪಾಲನ್ನು ಅದು ಬಿಸಿಯಾದ ಮೇಲೆ ನೀರಾವಿ, ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್ ಮಾಡಿಬಿಡುತ್ತೆ. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದರು. ಬೆಂಗಳೂರು ಆ ನಾಲ್ಕರಲ್ಲಿ ಇರಲಿಲ್ಲ ಬಿಡಿ.

ಗಮನಿಸಿ, ಈ ಡಬ್ಬಿ ಕಾರಿನ ಯಜಮಾನನಿಗೆ ಮೈಲೇಜ್ ಕೊಡಲ್ಲ, ಪಿಕಪ್ ಕೊಡಲ್ಲ. ಅದರ ಪ್ರಯೋಜನ ಹಿಂದೆ ನಿಂತವರಿಗೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಮಗು ಕೂರಿಸಿಕೊಂಡು ಕಾಯ್ತಿರೋ ತಾಯಿಗೆ, ಅಲ್ಲಿ ಇಡೀ ದಿನ ನಿಲ್ಲೋ ಟ್ರಾಫಿಕ್ ಪೊಲೀಸರಿಗೆ. ಧರ್ಮೋಪದೇಶಕಾಂಡ 22ನೇ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟೋನು ಮಾಳಿಗೆ ಸುತ್ತ ಗೋಡೆ ಕಟ್ಟಬೇಕು ಅಂತ ಆಜ್ಞೆ ಇದೆ. ನಾವು ಪ್ಯಾರಾಪೆಟ್ ಅಂತೀವಲ್ಲ, ಅದೇ. ಮನೆ ಅವನದು, ದುಡ್ಡೂ ಅವನದು, ಆದರೆ ಬೀಳೋನು ಇನ್ನೊಬ್ಬ ಇರಬಹುದು. "ನನ್ನ ಕಾರು, ನನ್ನಿಷ್ಟ" ಅನ್ನೋ ಮಾತು ಅಲ್ಲೇ ನಿಂತುಹೋಗುತ್ತೆ.

"ಪಿಯುಸಿ ಪಾಸ್ ಆಗುತ್ತಲ್ಲಾ ಪಾಸ್ಟರ್?" ಆಗಬಹುದು. ಆದ್ರೆ ಪೆಟ್ರೋಲ್ ಕಾರಿನ ಆ ಪರೀಕ್ಷೆ ನೈಟ್ರೋಜನ್ ಆಕ್ಸೈಡ್ ಅಳೆಯೋದೇ ಇಲ್ಲ. ಇನ್ನು ಕೆಲವರು ಚೆಕ್ ಎಂಜಿನ್ ಲೈಟ್ ಬರದಿರಲಿ ಅಂತ ಆಕ್ಸಿಜನ್ ಸೆನ್ಸರ್‌ಗೆ ಸ್ಪೇಸರ್ ಹಾಕಿಸ್ತಾರೆ. ಬಿಚ್ಚೋದಕ್ಕಿಂತ ಇದೇ ನನಗೆ ಹೆಚ್ಚು ನೋವು. ನಿಜ ಹೇಳೋಕೆ ಇಟ್ಟಿದ್ದಕ್ಕೇ ಸುಳ್ಳು ಹೇಳೋದನ್ನು ಕಲಿಸಿದ ಹಾಗಾಯ್ತು.

ಸೌಂಡ್‌ಗೋಸ್ಕರ ಬಿಚ್ಚೋರಿಗೆ ಜಾಸ್ತಿ ಹೇಳೋದೇನಿಲ್ಲ, ಬಿಚ್ಚಬೇಡಿ. ಕಷ್ಟದ ಪ್ರಶ್ನೆ ಕ್ಯಾಬ್ ಓಡಿಸೋ ನಮ್ಮ ಒಬ್ಬ ಸಹೋದರನದು. ಹೆಸರು ಬೇಡ. ಕನ್ವರ್ಟರ್ ಬ್ಲಾಕ್ ಆಗಿ ಗಾಡಿ ಎಳೀತಿಲ್ಲ. ಹೊಸದಕ್ಕೆ ಹೇಳಿದ ರೇಟು ಅವನ ಒಂದು ತಿಂಗಳ ದುಡಿಮೆಗಿಂತ ಜಾಸ್ತಿ. ಮಕ್ಕಳ ಸ್ಕೂಲ್ ಫೀಸ್ ಬಾಕಿ ಇದೆ. ಗ್ಯಾರೇಜಿನವನು, "ಒಳಗಿನದ್ದು ಒಡೆದು ಖಾಲಿ ಮಾಡಿಕೊಡ್ತೀನಿ ಅಣ್ಣಾ, ಒಂದು ಗಂಟೆ ಕೆಲಸ" ಅಂದನಂತೆ. ಇವನಿಗೆ ಪುಲ್ಪಿಟ್ ಮೇಲೆ ನಿಂತು "ಬೇಡಪ್ಪಾ" ಅನ್ನೋದಕ್ಕೆ ನನಗೆ ಒಂದು ರೂಪಾಯಿನೂ ಖರ್ಚಾಗಲ್ಲ.

ಆದರೂ ಬೇಡ ಅಂತಲೇ ಹೇಳ್ತೀನಿ. ಸಿಗ್ನಲ್‌ನಲ್ಲಿ ನಿಂತ ಆ ತಾಯಿ ಅವನಿಗಿಂತ ಬಡವಳಿರಬಹುದು, ಅವಳನ್ನು ಯಾರೂ ಕೇಳಿಲ್ಲ. ಹಾಗಂತ ಖರ್ಚು ಪೂರ್ತಿ ಅವನೊಬ್ಬನ ತಲೆ ಮೇಲೆ ಬೀಳೋದೂ ನ್ಯಾಯ ಅಲ್ಲ. ಆ ಗಾಳಿ ಉಸಿರಾಡೋರು ನಾವೂ ಹೌದು ತಾನೆ? ಮೊದಲು ಅದು ಯಾಕೆ ಕೆಟ್ಟಿತು ಅಂತ ನೋಡಿಸಬೇಕು. ಸ್ಪಾರ್ಕ್ ಪ್ಲಗ್ಗೋ ಕಾಯಿಲ್ಲೋ ಹಾಳಾಗಿ, ಸುಡದ ಪೆಟ್ರೋಲ್ ಒಳಗೆ ಹೋಗಿ ಉರಿದರೆ ಸೆರಾಮಿಕ್ ಕರಗುತ್ತೆ. ಅದನ್ನು ಸರಿ ಮಾಡದೆ ಹೊಸದು ಹಾಕಿದ್ರೆ ಅದೂ ಹೋಗುತ್ತೆ. ಕೆಲಸ ಬಲ್ಲ ಹುಡುಗರು ನಮ್ಮಲ್ಲೇ ಇದ್ದೀರಿ, ಗಾಡಿ ಪೂರ್ತಿ ತಣ್ಣಗಾದ ಮೇಲೆ ಕೈ ಹಾಕಿ. ಹಳೆಯದನ್ನು ಎಸೆಯಬೇಡಿ, ಒಳಗಿನ ಲೋಹಕ್ಕೆ ಬೆಲೆ ಇದೆ. ಉಳಿದ ಹಣ ಯಾರು ಎಷ್ಟು ಹಾಕೋದು ಅಂತ ಬುಧವಾರ ಪ್ರಾರ್ಥನೆ ಆದ ಮೇಲೆ ಕೂತು ಮಾತಾಡೋಣ.