ಸೂರ್ಯಾಸ್ತದ ಆತುರವೂ ಈರ್ಯಾಸಮಿತಿಯೂ

ಒಂದು ವ್ರತವನ್ನು ಉಳಿಸಿಕೊಳ್ಳುವ ಆತುರದಲ್ಲಿ ಅದಕ್ಕಿಂತ ದೊಡ್ಡ ವ್ರತಕ್ಕೆ ಭಂಗ ತಂದುಕೊಳ್ಳಬಹುದೇ? ಈ ಪ್ರಶ್ನೆ ನನಗೆ ಗ್ರಂಥದ ಮುಂದೆ ಕುಳಿತಾಗ ಹುಟ್ಟಿದ್ದಲ್ಲ. ಹಿರೇಕೆರೂರಿನಿಂದ ಹಾನಗಲ್ಲಿಗೆ ಮೋಟಾರ್ ಸೈಕಲ್ಲಿನ ಮೇಲೆ ಬರುವಾಗ ನಡುರಸ್ತೆಯಲ್ಲಿ ಹುಟ್ಟಿತು. ಆದುದರಿಂದ ಸಾಧರ್ಮಿ ಬಂಧುಗಳ ಮುಂದೆ ಅದನ್ನು ಹುಟ್ಟಿದ ರೀತಿಯಲ್ಲಿಯೇ ಇಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಕಾರ್ತಿಕ ಮಾಸ. ಗೋವಿನಜೋಳದ ಸುಗ್ಗಿ. ಆ ದಿನಗಳಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆ ಎಂಬುದನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಕಣ ಮಾಡುವ ರೂಢಿ ತಪ್ಪಿದ ಮೇಲೆ ಡಾಂಬರು ರಸ್ತೆಯೇ ಕಣವಾಗಿದೆ. ಅರ್ಧ ರಸ್ತೆಗೆ ಕಾಳು ಹರವಿ, ವಾಹನಗಳು ತುಳಿಯದಂತೆ ಅಂಚಿಗೆ ಕಲ್ಲುಗಳನ್ನೂ ಜಾಲಿಯ ಟೊಂಗೆಗಳನ್ನೂ ಇಟ್ಟಿರುತ್ತಾರೆ. ಸಂಜೆ ಕಾಳು ಚೀಲ ಸೇರುತ್ತದೆ. ಕಲ್ಲು ಮಾತ್ರ ಅಲ್ಲಿಯೇ ಉಳಿಯುತ್ತದೆ. ವಸೂಲಿಯ ಕೆಲಸ ತಡವಾಗಿ ನಾನು ಹಿರೇಕೆರೂರು ಬಿಟ್ಟಾಗ ನಾಲ್ಕೂಮುಕ್ಕಾಲು. ಆ ಋತುವಿನಲ್ಲಿ ಸೂರ್ಯನು ಆರಕ್ಕೆ ಮೊದಲೇ ಮುಳುಗುತ್ತಾನೆ. ರಾತ್ರಿಭೋಜನ ತ್ಯಾಗವು ನಮ್ಮ ತಂದೆಯವರ ಕಾಲದಿಂದ ಮನೆಯಲ್ಲಿ ಮುರಿಯದೆ ಬಂದ ನಿಯಮ. ಆದ್ದರಿಂದ ವೇಗ ಹೆಚ್ಚಿಸಿದೆ. ಕಣ್ಣು ರಸ್ತೆಗಿಂತ ಪಡುವಣ ದಿಕ್ಕಿನ ಕಡೆಗೇ ಹೆಚ್ಚು ಹೊರಳುತ್ತಿತ್ತು. ಮನಸ್ಸಿನಲ್ಲಿ ಆ ದಿನ ಬಾರದೆ ಉಳಿದ ಬಾಕಿಯ ಲೆಕ್ಕ. ಒಂದು ತಿರುವು ದಾಟುತ್ತಲೇ ಮುದುಕಿಯೊಬ್ಬಳು ನನಗೆ ಬೆನ್ನು ಮಾಡಿ, ಬಾಗಿ, ಕಾಳು ಗುಡಿಸುತ್ತಿರುವುದು ಕಂಡಿತು. ಗಾಬರಿಯಿಂದ ಕಾಲಿನ ಬ್ರೇಕನ್ನು ಒತ್ತಿದೆ. ಕಾಳಿನ ಮೇಲೆ ಹಿಂದಿನ ಗಾಲಿ ಜಾರಿತು. ಗಾಡಿ ಅಡ್ಡಡ್ಡಲಾಗಿ ಹೋಗಿ ಅವಳಿಂದ ಒಂದು ಮೊಳದ ಅಂತರದಲ್ಲಿ ಹಾದು ಹೊಲದ ಬದುವಿಗೆ ನಿಂತಿತು. “ಸಾವಕಾಶ ಹೋಗ್ರೀ ಯಪ್ಪಾ” ಎಂದಳು, ಅಷ್ಟೆ. ನಾನು ಇಳಿಯಲೂ ಇಲ್ಲ, ಒಂದು ಮಾತು ಆಡಲೂ ಇಲ್ಲ. ಹೊತ್ತು ಇನ್ನೂ ಇತ್ತು. ಮನೆ ಸೇರಿ ಸೂರ್ಯನಿರುವಾಗಲೇ ಊಟ ಮುಗಿಸಿದೆ. ಸಂಗತಿ ಕೇಳಿದ ಮನೆಯವರು “ನಿಮ್ಮ ಪುಣ್ಯ ಗಟ್ಟಿ” ಎಂದರು.

ಆ ರಾತ್ರಿ ನಿದ್ರೆ ಬರಲಿಲ್ಲ. ಕತ್ತಲೆಯಲ್ಲಿ ಕಣ್ಣಿಗೆ ಬೀಳದ ಸೂಕ್ಷ್ಮ ಜೀವಿಗಳು ಅನ್ನದಲ್ಲಿ ಬಿದ್ದು ಸತ್ತಾವೆಂಬ ದಯೆಯಿಂದಲ್ಲವೇ ನಮ್ಮ ಆಚಾರ್ಯರು ರಾತ್ರಿಯ ಊಟವನ್ನು ಬಿಡಿಸಿದ್ದು? ಕಾಣದ ಜೀವದ ಮೇಲಿನ ದಯೆಗಾಗಿ ಹಗಲಿನಲ್ಲಿ ಕಾಣುವ ಪಂಚೇಂದ್ರಿಯ ಜೀವವೊಂದನ್ನು ನಾನು ಕಾಣದೆ ಹೋಗಿದ್ದೆ. ಬೆಳಕಿದ್ದೂ ಕತ್ತಲೆಯನ್ನು ನಾನೇ ಮಾಡಿಕೊಂಡಿದ್ದೆ. ಹೀಗಿರುವಾಗ ನಾನು ಪಾಲಿಸಿದ್ದು ಯಾವ ವ್ರತವನ್ನು?

“ಯಾರಿಗೂ ಪೆಟ್ಟಾಗಲಿಲ್ಲವಲ್ಲ, ಮತ್ತೇಕೆ ಚಿಂತೆ?” ಎಂದು ಗೆಳೆಯರೊಬ್ಬರು ಕೇಳಿದರು. ಬೇರೆ ಮತದವರು ಕೇಳಿದ್ದರೆ ಸುಮ್ಮನಿರಬಹುದಾಗಿತ್ತು. ಪ್ರತಿ ಚತುರ್ದಶಿ ಸ್ವಾಧ್ಯಾಯಕ್ಕೆ ಬರುವವರು ಕೇಳಿದ್ದರಿಂದ ಉತ್ತರ ಹೇಳಬೇಕಾಯಿತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕೆ ಮೊದಲು ಪ್ರಮತ್ತಯೋಗವನ್ನು ಇಟ್ಟಿದ್ದಾರೆ. ಎಚ್ಚರ ತಪ್ಪಿದ ಮನಸ್ಸು, ಮಾತು, ದೇಹಗಳ ವ್ಯಾಪಾರವೇ ಅಲ್ಲಿ ಕಾರಣ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ನೇರವಾಗಿ ಹೇಳುತ್ತಾರೆ: ಅಯತ್ನದಿಂದ ನಡೆಯುವವನಿಗೆ, ಜೀವಿ ಸತ್ತರೂ ಬದುಕಿದರೂ, ಹಿಂಸೆ ನಿಶ್ಚಿತ, ಯತ್ನದಿಂದ ನಡೆಯುವ ಸಮಿತಿವಂತನಿಗೆ ಹೊರಗಿನ ಘಟನೆಯಷ್ಟರಿಂದಲೇ ಬಂಧವಿಲ್ಲ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ವಿಸ್ತರಿಸಿದ್ದಾರೆ. ವ್ಯಾಪಾರಸ್ಥರಿಗೆ ತಿಳಿಯುವಂತೆ ಹೇಳುವುದಾದರೆ, ಸಾಲಗಾರನು ಬಾಗಿಲಿಗೆ ಬಂದು ಕೇಳಲಿಲ್ಲ ಎಂದ ಮಾತ್ರಕ್ಕೆ ಸಾಲವು ಖಾತೆಯಿಂದ ಅಳಿಯುವುದಿಲ್ಲ. ಮುದುಕಿ ಬದುಕಿದ್ದು ಅವಳ ಆಯುಷ್ಯಬಲದಿಂದ. ಅದನ್ನು ನನ್ನ ಜಮೆಯ ಕಡೆಗೆ ಬರೆದುಕೊಳ್ಳುವುದು ಕಳ್ಳಲೆಕ್ಕ.

ಗೃಹಸ್ಥನಿಗೆ ಆರಂಭೀ ಮತ್ತು ಉದ್ಯೋಗೀ ಹಿಂಸೆಗಳು ತಪ್ಪಿದ್ದಲ್ಲ, ವ್ಯಾಪಾರಕ್ಕಾಗಿ ತಿರುಗುವಾಗ ಆಗುವ ಅನಾಹುತವೂ ಅದರಲ್ಲಿಯೇ ಸೇರುತ್ತದೆ ಎಂಬ ಸಮಾಧಾನವನ್ನು ಕೇಳಿದ್ದೇನೆ. ಇದು ಅರ್ಧ ಸತ್ಯ. ಉದ್ಯೋಗೀ ಹಿಂಸೆಗೆ ಶ್ರಾವಕನಿಗಿರುವ ವಿನಾಯಿತಿ ಯತ್ನಾಚಾರದ ಷರತ್ತಿನ ಮೇಲೆ ದೊರೆತದ್ದು. ಹಾನಗಲ್ಲಿಗೆ ಬರುವುದು ಉದ್ಯೋಗ. ಹತ್ತು ನಿಮಿಷ ಮೊದಲು ಬರಬೇಕೆಂಬುದು ಉದ್ಯೋಗವಲ್ಲ.

ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಸೂರ್ಯನ ಬೆಳಕಿನಲ್ಲಿ, ಜನರು ನಡೆದು ಸವೆದ ದಾರಿಯಲ್ಲಿ, ಮುಂದಿನ ನಾಲ್ಕು ಹಸ್ತ ನೆಲವನ್ನು ನೋಡುತ್ತ ನಡೆಯಬೇಕೆಂಬುದು ಅದರ ವಿಧಿ. ನಾಲ್ಕು ಹಸ್ತವೇ ಏಕೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದೆ. ನಾಲ್ಕು ಹಸ್ತವೆಂದರೆ ಸುಮಾರು ಆರು ಅಡಿ. ಸಾವಧಾನವಾಗಿ ನಡೆಯುವವನು ಸೆಕೆಂಡಿಗೆ ಮೂರೂವರೆ ಅಡಿಯಷ್ಟು ಸಾಗುತ್ತಾನೆ. ಎಂದರೆ ಇರುವೆ ಕಂಡ ಮೇಲೆ ಎತ್ತಿದ ಕಾಲನ್ನು ತಡೆಯಲು ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಅವಕಾಶ ಉಳಿಯುತ್ತದೆ. ನಡಿಗೆಗೆ ಅದು ಸಾಕು. ಗಂಟೆಗೆ 60 ಕಿ.ಮೀ. ವೇಗದ ಮೋಟಾರ್ ಸೈಕಲ್ಲು ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರು ಓಡುತ್ತದೆ. ಕಣ್ಣು ಕಂಡದ್ದು ಕೈಗೆ ತಲುಪುವಷ್ಟರಲ್ಲಿ ಒಂದು ಸೆಕೆಂಡು ಕಳೆಯುತ್ತದೆ. ಆಮೇಲೆ ಬ್ರೇಕು ಹಿಡಿದು ಗಾಡಿ ನಿಲ್ಲಲು ಒಣಗಿದ ಒಳ್ಳೆಯ ರಸ್ತೆಯಲ್ಲಿಯೂ ಇನ್ನೂ ಇಪ್ಪತ್ತು ಇಪ್ಪತ್ತೈದು ಮೀಟರು ಬೇಕು. ಒಟ್ಟು ನಲವತ್ತು ಮೀಟರು. ನಮ್ಮ ನಾಲ್ಕು ಹಸ್ತವು ಆ ವೇಗದಲ್ಲಿ ತೊಂಬತ್ತು ಹಸ್ತದ ಹತ್ತಿರ ಹೋಗುತ್ತದೆ. ರಸ್ತೆ ತೊಯ್ದಿದ್ದರೆ, ಕಾಳು ಹರವಿದ್ದರೆ ಅದೂ ಸಾಲದು. ತಿರುವಿನಲ್ಲಿ ಇಪ್ಪತ್ತು ಮೀಟರಷ್ಟೇ ಕಾಣುತ್ತಿದ್ದರೆ ವೇಗವು ಮೂವತ್ತೈದಕ್ಕಿಂತ ಕೆಳಗೆ ಇಳಿಯಬೇಕು. ಕಾಣುವಷ್ಟರೊಳಗೆ ನಿಲ್ಲಿಸಲಾಗದ ವೇಗದಲ್ಲಿ ಹೋಗುವವನು ಕಣ್ಣು ತೆರೆದಿದ್ದರೂ ಕುರುಡನಂತೆಯೇ ಹೋಗುತ್ತಿದ್ದಾನೆ. ಅಂದು ಆ ತಿರುವಿನಲ್ಲಿ ನನ್ನ ಸ್ಥಿತಿ ಅದೇ ಆಗಿತ್ತು.

ಬ್ರೇಕಿನ ವಿಷಯ ಬಂದುದರಿಂದ ಒಂದು ಮಾತು. ಮುಂದಿನ ಬ್ರೇಕು ಹಿಡಿದರೆ ಗಾಡಿ ಪಲ್ಟಿಯಾಗುತ್ತದೆಂಬ ಹೆದರಿಕೆ ನಮ್ಮಲ್ಲಿ ಬಹಳ ಜನರಿಗೆ ಇದೆ, ನನಗೂ ಇತ್ತು. ವಾಸ್ತವವಾಗಿ ನಿಲ್ಲುವಾಗ ಭಾರವೆಲ್ಲ ಮುಂದಿನ ಗಾಲಿಗೆ ಬರುವುದರಿಂದ ಗಾಡಿಯನ್ನು ತಡೆಯುವ ಶಕ್ತಿಯ ಹೆಚ್ಚಿನ ಪಾಲು ಅಲ್ಲಿಯೇ ಇದೆ. ಗಾಡಿ ನೆಟ್ಟಗಿರುವಾಗ ಎರಡನ್ನೂ ಕೂಡಿಸಿ, ಹಿಂಡಿದಂತೆ ಕ್ರಮವಾಗಿ ಒತ್ತಬೇಕು. ಮೂವತ್ತು ವರ್ಷ ಗಾಡಿ ಓಡಿಸಿದ ಮೇಲೆ ಇದನ್ನು ಸವಣೂರಿನ ಒಬ್ಬ ಮೆಕ್ಯಾನಿಕನಿಂದ ಕಲಿತೆ. ಅಜ್ಞಾನವೂ ಯತ್ನಾಚಾರಕ್ಕೆ ಕೊರತೆಯೇ.

ನಮ್ಮ ಶಾಸ್ತ್ರಗಳು ಪ್ರಮಾದವನ್ನು ಹದಿನೈದು ಬಗೆಯಾಗಿ ಎಣಿಸುತ್ತವೆ: ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ ಮತ್ತು ಪ್ರಣಯ. ಬಾಲ್ಯದಲ್ಲಿ ಇವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಹಿಡಿದು ಕುಳಿತರೆ ಇವು ಎಷ್ಟು ಜೀವಂತವಾಗಿವೆ ಎಂಬುದು ತಿಳಿಯುತ್ತದೆ. ಕಿವಿಗೂ ಭುಜಕ್ಕೂ ನಡುವೆ ಮೊಬೈಲು ಸಿಕ್ಕಿಸಿಕೊಂಡು, ಕತ್ತು ಓರೆ ಮಾಡಿ, ಪೇಟೆಯ ಧಾರಣೆಯನ್ನೋ ಚುನಾವಣೆಯ ಸುದ್ದಿಯನ್ನೋ ಮಾತನಾಡುತ್ತ ಹೋಗುವವನದು ವಿಕಥೆಯಲ್ಲದೆ ಮತ್ತೇನು? ಹಿಂದಿನಿಂದ ಬಂದ ಹುಡುಗನು ದಾಟಿ ಹೋದೊಡನೆ ಅವನನ್ನು ಮೀರಬೇಕೆನ್ನಿಸುವುದು ಮಾನ. ಹಾರ್ನ್ ಹೊಡೆದವನ ಮೇಲೆ ಉರಿಯುವುದು ಕ್ರೋಧ. ಮುಂದಿನ ಊರಿನ ಗಿರಾಕಿ ತಪ್ಪಿಹೋದಾನೆಂಬುದು ಲೋಭ. ಪೊಲೀಸರನ್ನು ಕಂಡಾಗ ಮಾತ್ರ ಹೆಲ್ಮೆಟ್ಟನ್ನು ತಲೆಗೆ ಏರಿಸುವುದು ಮಾಯೆ. ಮಧ್ಯಾಹ್ನ ಹಬ್ಬದ ಊಟ ಮಾಡಿ ಹೊರಟವನಿಗೆ ನಿದ್ರೆ. ನನಗೆ ಅಂದು ಒದಗಿದ್ದು ಯಾವುದು ಎಂದು ಹುಡುಕಿದೆ. ಬಾಕಿಯ ಲೆಕ್ಕ ಲೋಭದ್ದು, ಸಂಶಯವಿಲ್ಲ. ಆದರೆ ಸೂರ್ಯಾಸ್ತದ ಆತುರ? ಅದು ಧರ್ಮದ ವೇಷ ತೊಟ್ಟ ಮಾನವೆಂದು ಈಗ ನನಗೆ ತೋರುತ್ತದೆ. ‘ಇವರ ಮನೆಯಲ್ಲಿ ನಿಯಮ ತಪ್ಪಿಲ್ಲ’ ಎಂಬ ಹೆಸರನ್ನು ಉಳಿಸಿಕೊಳ್ಳುವ ಆಸೆ ಅದರಲ್ಲಿ ಇತ್ತು.

ಇನ್ನೊಂದು ವಿಷಯ ಗಮನಾರ್ಹ. ಅಪ್ರಮತ್ತ ಗುಣಸ್ಥಾನದಲ್ಲಿ ಮುನಿಗಳು ಕೂಡ ಅಂತರ್ಮುಹೂರ್ತಕ್ಕಿಂತ, ಎಂದರೆ ನಲವತ್ತೆಂಟು ನಿಮಿಷದೊಳಗಿನ ಅವಧಿಗಿಂತ, ಹೆಚ್ಚು ಹೊತ್ತು ನಿಲ್ಲಲಾರರು; ಆರನೆಯದಕ್ಕೆ ಇಳಿದು ಮತ್ತೆ ಏಳನೆಯದಕ್ಕೆ ಏರುತ್ತಿರುತ್ತಾರೆ. ಸರ್ವಸಂಗ ಪರಿತ್ಯಾಗಿಗಳ ಎಚ್ಚರವೇ ಹೀಗೆ ಜಾರುವಾಗ, ತಲೆಯಲ್ಲಿ ಅಂಗಡಿ ಹೊತ್ತು ತಿರುಗುವ ನಮ್ಮ ಎಚ್ಚರ ಎಷ್ಟು ಹೊತ್ತಿನದು? ಆದುದರಿಂದ ‘ನಾನು ಎಚ್ಚರವಾಗಿಯೇ ಇರುತ್ತೇನೆ’ ಎಂಬ ನಂಬಿಕೆಯ ಮೇಲೆ ವೇಗವನ್ನು ನಿರ್ಧರಿಸಬಾರದು. ಎಚ್ಚರ ತಪ್ಪಿದಾಗಲೂ ಉಳಿಯಲು ಅವಕಾಶವಿರುವಂತೆ ನಿರ್ಧರಿಸಬೇಕು. ಮುಂದಿನ ವಾಹನವು ಒಂದು ಕಂಬವನ್ನು ದಾಟಿದ ಮೇಲೆ ನಾವು ಅದೇ ಕಂಬವನ್ನು ತಲುಪಲು ಕನಿಷ್ಠ ಎರಡು ಸೆಕೆಂಡು, ಮಳೆಯಲ್ಲಿ ನಾಲ್ಕು ಸೆಕೆಂಡು ಇರಲಿ ಎನ್ನುವ ಚಾಲಕರ ನಿಯಮವು ಈ ದೌರ್ಬಲ್ಯವನ್ನು ಒಪ್ಪಿಕೊಂಡೇ ಹುಟ್ಟಿದ್ದು.

ನಮ್ಮ ಎಚ್ಚರದಷ್ಟೇ ಇತರರ ಪ್ರಮಾದವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಿಗ್ಗಾಂವಿಯ ಬಳಿ ಒಳರಸ್ತೆಯಿಂದ ಹೆದ್ದಾರಿಗೆ ಬರುವ ಟ್ರ್ಯಾಕ್ಟರಿಗೆ ಹಿಂದಿನ ದೀಪ ಇರುವುದಿಲ್ಲ. ಅದರ ಟ್ರೇಲರಿನಿಂದ ಕಬ್ಬು ಎರಡೂ ಕಡೆಗೆ ಚಾಚಿರುತ್ತದೆ. ತಪ್ಪು ಅವನದೇ. ಆದರೆ ಅವನ ತಪ್ಪು ನನ್ನ ತಲೆಯನ್ನು ಕಾಯುವುದಿಲ್ಲ. ಎತ್ತರದ ಲಾರಿಯ ಚಾಲಕನಿಗೆ ತನ್ನ ಎಡ ಮಗ್ಗುಲಲ್ಲಿ ಅಂಟಿಕೊಂಡು ಬರುವ ದ್ವಿಚಕ್ರಿಯು ಕಾಣುವುದೇ ಇಲ್ಲ. ಅವನ ಕನ್ನಡಿ ನನಗೆ ಕಾಣದಿದ್ದರೆ ನಾನು ಅವನಿಗೆ ಕಾಣಲಾರೆ. ಅನೇಕಾಂತವನ್ನು ನಾವು ವಾದಸಭೆಗಷ್ಟೇ ಮೀಸಲಿಟ್ಟಿದ್ದೇವೆ. ಇನ್ನೊಬ್ಬನ ಆಸನದಲ್ಲಿ ಕುಳಿತು ಅವನಿಗೆ ಏನು ಕಾಣುತ್ತದೆಂದು ಕೇಳುವುದು ರಸ್ತೆಯಲ್ಲಿ ಪ್ರಾಣರಕ್ಷಕ ವಿದ್ಯೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನಗಳ ಮೇಲಿದ್ದವರು.

“ಆಯುಷ್ಯ ಮುಗಿದಿದ್ದರೆ ಹೆಲ್ಮೆಟ್ ಕಾಯುತ್ತದೆಯೇ?” ಎನ್ನುವ ಹಿರಿಯರಿದ್ದಾರೆ. ಇದು ಕರ್ಮಸಿದ್ಧಾಂತವೆಂದು ಅವರು ತಿಳಿದಿದ್ದಾರೆ. ಇದು ಸಿದ್ಧಾಂತಕ್ಕೆ ವಿರುದ್ಧ. ದೇವ-ನಾರಕಿಗಳು, ಚರಮೋತ್ತಮ ದೇಹಿಗಳು, ಅಸಂಖ್ಯಾತ ವರ್ಷ ಬಾಳುವವರು, ಇವರ ಆಯುಷ್ಯ ಮಾತ್ರ ಮೊಟಕಾಗುವುದಿಲ್ಲವೆಂದು ತತ್ತ್ವಾರ್ಥದ ಎರಡನೆಯ ಅಧ್ಯಾಯದ ಕೊನೆಯಲ್ಲಿ ಹೇಳಿದೆ. ನಮ್ಮಂಥವರ ಆಯುಷ್ಯವು ವಿಷ-ಶಸ್ತ್ರಾದಿಗಳಿಂದ ಅಕಾಲದಲ್ಲಿ ತೀರಬಹುದು. ಅಕಲಂಕದೇವರು ರಾಜವಾರ್ತಿಕದಲ್ಲಿ ಇದಕ್ಕೆ ಕೊಟ್ಟ ದೃಷ್ಟಾಂತ ಮಾವಿನ ಹಣ್ಣಿನದು: ಕಾಲ ಬರುವ ಮೊದಲೇ ಉಪಾಯದಿಂದ ಅದನ್ನು ಮಾಗಿಸಬಹುದಷ್ಟೆ. ಮಾವಿನ ವ್ಯಾಪಾರದ ಹಾನಗಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಕಹಿಯಾದ ಮಾತು. ಅನರ್ಥದಂಡದ ಐದು ಭೇದಗಳಲ್ಲಿ ಒಂದು ಹಿಂಸಾದಾನ. ಕತ್ತಿ, ವಿಷ, ಬೆಂಕಿಯಂಥ ಹಿಂಸೆಯ ಸಾಧನವನ್ನು ಪರರ ಕೈಗೆ ಕೊಡುವುದು. ಹತ್ತನೆಯ ತರಗತಿ ಪಾಸಾದನೆಂದು ಹದಿನಾರು ವರ್ಷದ ಮಗನಿಗೆ ಮೋಟಾರ್ ಸೈಕಲ್ ಕೊಡಿಸುವ ತಂದೆ ಮಾಡುವುದು ಇದನ್ನೇ. 2019ರ ಮೋಟಾರು ವಾಹನ ತಿದ್ದುಪಡಿ ಕಾನೂನು ಅಂಥ ಪಾಲಕನಿಗೆ ಮೂರು ವರ್ಷದವರೆಗೆ ಸೆರೆವಾಸ, ಇಪ್ಪತ್ತೈದು ಸಾವಿರ ರೂಪಾಯಿ ದಂಡ ಇಟ್ಟಿದೆ. ಕಾನೂನಿಗೆ ಅಂಜಿ ಅಲ್ಲವಾದರೂ ಶಾಸ್ತ್ರಕ್ಕೆ ಅಂಜಬೇಕಲ್ಲ! ಬಸದಿಗಳ ಟ್ರಸ್ಟಿಗಳಿಗೂ ವಿನಂತಿಯಿದೆ. ಮಹಾವೀರ ಜಯಂತಿಯಂದು ಊರೂರಲ್ಲಿ ಯುವಕರ ಬೈಕ್ ರ‍್ಯಾಲಿ ನಡೆಯುತ್ತದೆ. ಒಂದೊಂದು ಗಾಡಿಯ ಮೇಲೆ ಮೂವರು, ಬರಿದಲೆ, ಒಂದು ಕೈಯಲ್ಲಿ ಧ್ವಜ, ಬಾಯಲ್ಲಿ ಅಹಿಂಸೆಯ ಜಯಘೋಷ. ಧ್ವಜ ಹಿಡಿದು ನಡೆದರೆ ಭಗವಂತನ ಮಹಿಮೆಗೆ ಕುಂದು ಬರುವುದೇ?

ಅದೇ ಹೆದ್ದಾರಿಯ ಅಂಚಿನಲ್ಲಿ ನಮ್ಮ ಮುನಿಗಳೂ ಆರ್ಯಿಕೆಯರೂ ಬರಿಗಾಲಲ್ಲಿ ವಿಹಾರ ಮಾಡುತ್ತಾರೆ. ನಾಲ್ಕು ಹಸ್ತ ನೆಲ ನೋಡಿ ನಡೆಯುವವರನ್ನು ಹಿಂದಿನಿಂದ ಬಂದ ವಾಹನ ಬಲಿ ತೆಗೆದುಕೊಂಡ ಸುದ್ದಿಯನ್ನು ದೇಶದ ನಾನಾ ಕಡೆಗಳಿಂದ ಓದಿದ್ದೇವೆ. ವಿಹಾರದಲ್ಲಿ ಜೊತೆಗೆ ಹೋಗುವ ಶ್ರಾವಕರು ಹೊಳೆಯುವ ಪಟ್ಟಿಯ ಅಂಗಿ ತೊಟ್ಟು ಹಿಂದೆ ಮುಂದೆ ನಡೆಯುವ ವ್ಯವಸ್ಥೆಯನ್ನು ಟ್ರಸ್ಟುಗಳು ಮಾಡಬೇಕು. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನದಿಂದ ದೇಹ ಬಿಟ್ಟನು. ಆ ಬಂಕಾಪುರದ ಸಮೀಪದಲ್ಲಿಯೇ ಇಂದು ರಾಷ್ಟ್ರೀಯ ಹೆದ್ದಾರಿ 48 ಹಾದು ಹೋಗಿದೆ. ಸಮಾಧಿಮರಣವನ್ನು ಬೇಡುವ ನಾವು, ಣಮೋಕಾರದ ಮೊದಲ ಪದವನ್ನು ಉಚ್ಚರಿಸಲೂ ಸಮಯವಿಲ್ಲದ ಮರಣವನ್ನು ಅಲ್ಲಿ ಕೈಯಾರೆ ಕರೆದುಕೊಳ್ಳುತ್ತಿದ್ದೇವೆ.

ಎಂಟು ದಿನಗಳ ಮೇಲೆ ಆ ಮುದುಕಿಯನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವಳಿಗೆ ನನ್ನ ನೆನಪೇ ಇರಲಿಲ್ಲ. “ಯಾವ ದಿನಾರೀ ಯಪ್ಪಾ? ದಿನಾ ಹಂಗ ಬರ್ತಾರ, ಹಂಗ ಹೊಕ್ಕಾರ” ಎಂದಳು.

ಈಗ ನಾನು ಹಿರೇಕೆರೂರಿಗೆ ಹೋಗುವಾಗ ಬುತ್ತಿ ಕಟ್ಟಿಸಿಕೊಳ್ಳುತ್ತೇನೆ. ನಾಲ್ಕು ಗಂಟೆಗೆ ಸ್ನೇಹಿತರ ಅಂಗಡಿಯ ಪಡಸಾಲೆಯಲ್ಲಿಯೇ ಉಂಡು ಹೊರಡುತ್ತೇನೆ. ಬುತ್ತಿ ಇಲ್ಲದ ದಿನ ಒಂದು ಹೊತ್ತಿನ ಉಪವಾಸ; ನಮ್ಮ ಧರ್ಮದಲ್ಲಿ ಅದಕ್ಕೆ ಬಡತನವಿಲ್ಲ. ತೀರ ಕತ್ತಲಾದರೆ ಅಲ್ಲಿಯೇ ಉಳಿಯುತ್ತೇನೆ. ಕಳೆದ ಸುಗ್ಗಿಯಲ್ಲಿ ಹಾಗೆ ಉಳಿದು ಮುಂಜಾನೆ ಬರುವಾಗ, ಕಾಳು ಎತ್ತಿದ ಜಾಗದಲ್ಲಿ ಹತ್ತಾರು ಕಲ್ಲುಗಳು ರಸ್ತೆಯಲ್ಲಿಯೇ ಬಿದ್ದಿದ್ದವು. ಗಾಡಿ ನಿಲ್ಲಿಸಿ ಒಂದೊಂದನ್ನೂ ನೋಡಿ ಎತ್ತಿ ಅಂಚಿಗೆ ಇಟ್ಟೆ. ಒಂದರ ಕೆಳಗೆ ಇರುವೆಗಳಿದ್ದವು. ಅವು ಸರಿಯುವವರೆಗೆ ಕಾದು ಅದನ್ನೂ ತೆಗೆದೆ. ಅಂದು ಅಂಗಡಿ ತೆರೆಯುವುದು ಅರ್ಧ ಗಂಟೆ ತಡವಾಯಿತು.